ಗರ್ಭಿಣಿಯರ ಸೊಂಟನೋವಿಗೂ ಪಾದಕ್ಕೂ ಏನು ನಂಟು? ವಾಕಿಂಗ್ ಮಾಡಬೇಕಾ, ಬೇಡವಾ? ಇಲ್ಲಿದೆ ಪೂರ್ಣ ಮಾಹಿತಿ

ವಿಶಾಖಪಟ್ಟಣಂ/ವಿಜಯವಾಡ (ಆಂಧ್ರಪ್ರದೇಶ): ಬೆಳಗಿನ ಹೊತ್ತು ವಿಶಾಖಪಟ್ಟಣಂನ ಆರ್‌.ಕೆ. ಬೀಚ್ ರಸ್ತೆಯಲ್ಲಿ ವಾಕಿಂಗ್ ಮಾಡುವವರ ನಡುವೆ ಗರ್ಭಿಣಿಯರೂ ಕಾಣಸಿಗುತ್ತಾರೆ. ಅಲ್ಲಿಂದ ಸುಮಾರು 350 ಕಿ.ಮೀ. ದೂರದ ವಿಜಯವಾಡದಲ್ಲಿ, ಇಂದ್ರಕೀಲಾದ್ರಿ ಬೆಟ್ಟದ ಕನಕದುರ್ಗೆಯ ದರ್ಶನಕ್ಕೆ ಬಂದ ತುಂಬು ಗರ್ಭಿಣಿ ಮೆಟ್ಟಿಲು ಹತ್ತುವುದೋ ಬಸ್ ಹಿಡಿಯುವುದೋ ಎಂದು ಯೋಚಿಸುತ್ತಾ ನಿಲ್ಲುತ್ತಾರೆ. ಊರು ಯಾವುದೇ ಇರಲಿ, ಆರನೇ ತಿಂಗಳು ದಾಟುತ್ತಿದ್ದಂತೆ ಹೆಚ್ಚಿನವರು ಹೇಳುವ ಮಾತು ಒಂದೇ: "ಸೊಂಟ ಹಿಡಿದುಕೊಂಡಿದೆ, ಪಾದ ಉರಿಯುತ್ತೆ."

ಇದಕ್ಕೆ ಮನೆಯಲ್ಲಿ ಸಿಗುವ ಸಲಹೆಗಳು ಎರಡು ಬಗೆ. "ಓಡಾಡಬೇಡ, ಮಲಗಿಕೋ" ಎನ್ನುವುದು ಒಂದು. "ಚೆನ್ನಾಗಿ ನಡೆ, ಹೆರಿಗೆ ಸುಲಭವಾಗುತ್ತೆ" ಎನ್ನುವುದು ಇನ್ನೊಂದು. ಎರಡರಲ್ಲೂ ಅರ್ಧ ಸತ್ಯವಿದೆ. ನಡಿಗೆಯನ್ನೇ ಬಿಟ್ಟರೆ ಸ್ನಾಯುಗಳು ದುರ್ಬಲವಾಗಿ ನೋವು ಹೆಚ್ಚಬಹುದು. ದೇಹದಲ್ಲಿ ಆಗಿರುವ ಬದಲಾವಣೆಯನ್ನು ಲೆಕ್ಕಿಸದೆ ಮೊದಲಿನಂತೆಯೇ ನಡೆದರೂ ನೋವು ಹೆಚ್ಚಬಹುದು. ಗರ್ಭಾವಸ್ಥೆಯಲ್ಲಿ ಪಾದದಿಂದ ಸೊಂಟದವರೆಗೆ ಏನೇನು ಬದಲಾಗುತ್ತದೆ ಎಂಬುದು ಗೊತ್ತಾದರೆ ಎಷ್ಟು ನಡೆಯಬೇಕು, ಹೇಗೆ ನಡೆಯಬೇಕು, ಯಾವಾಗ ನಿಲ್ಲಿಸಬೇಕು ಎಂಬುದೂ ಅರ್ಥವಾಗುತ್ತದೆ.

ಸೊಂಟನೋವು ಏಕೆ ಬರುತ್ತದೆ?

ಗರ್ಭಿಣಿಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಒಂದಲ್ಲ ಒಂದು ಹಂತದಲ್ಲಿ ಬೆನ್ನಿನ ಕೆಳಭಾಗ ಅಥವಾ ಸೊಂಟದ ಸುತ್ತ ನೋವು ಕಾಣಿಸಿಕೊಳ್ಳುತ್ತದೆ. ಐದನೇ ತಿಂಗಳ ನಂತರ ಇದು ಹೆಚ್ಚು. ಇದಕ್ಕೆ ಮೂರು ಮುಖ್ಯ ಕಾರಣಗಳಿವೆ.

ಮೊದಲನೆಯದು ತೂಕ. ಗರ್ಭಾವಸ್ಥೆಯಲ್ಲಿ ಸಾಮಾನ್ಯವಾಗಿ 10ರಿಂದ 12 ಕೆ.ಜಿ. ತೂಕ ಹೆಚ್ಚುತ್ತದೆ. ಈ ತೂಕ ದೇಹದ ತುಂಬಾ ಸಮನಾಗಿ ಹಂಚಿಕೆಯಾಗುವುದಿಲ್ಲ. ಬಹುಪಾಲು ಹೊಟ್ಟೆಯ ಮುಂಭಾಗದಲ್ಲೇ ಸೇರುತ್ತದೆ.

ಎರಡನೆಯದು ಸಮತೋಲನ. ಮುಂದಕ್ಕೆ ಭಾರ ಬಿದ್ದಾಗ ದೇಹ ಮುಗ್ಗರಿಸದಂತೆ ಗರ್ಭಿಣಿ ತನಗರಿವಿಲ್ಲದೆಯೇ ಭುಜವನ್ನು ಹಿಂದಕ್ಕೆ ತರುತ್ತಾರೆ. ಆಗ ಬೆನ್ನಿನ ಕೆಳಭಾಗದ ಬಾಗು ಹೆಚ್ಚುತ್ತದೆ. ತಲೆಯ ಮೇಲಿನ ಕೊಡವನ್ನು ಸೊಂಟಕ್ಕೆ ಇಳಿಸಿಕೊಂಡವರು ಎದುರು ಬದಿಗೆ ವಾಲುವ ಹಾಗೆಯೇ ಇದು. ವ್ಯತ್ಯಾಸ ಇಷ್ಟೇ, ಈ ಕೊಡವನ್ನು ಕೆಳಗಿಳಿಸಿ ದಣಿವಾರಿಸಿಕೊಳ್ಳುವಂತಿಲ್ಲ.

ಮೂರನೆಯದು ಹಾರ್ಮೋನ್. ಹೆರಿಗೆಗೆ ದೇಹವನ್ನು ಸಜ್ಜುಗೊಳಿಸಲು ರಿಲ್ಯಾಕ್ಸಿನ್, ಪ್ರೊಜೆಸ್ಟರಾನ್‌ನಂಥ ಹಾರ್ಮೋನ್‌ಗಳು ಕೀಲುಗಳನ್ನು ಹಿಡಿದಿಡುವ ಅಸ್ಥಿರಜ್ಜುಗಳನ್ನು ಸಡಿಲಗೊಳಿಸುತ್ತವೆ. ಮಗು ಹೊರಬರುವ ದಾರಿಗೆ ಈ ಸಡಿಲಿಕೆ ಬೇಕು. ಆದರೆ ಹಾರ್ಮೋನ್ ರಕ್ತದೊಂದಿಗೆ ಇಡೀ ದೇಹಕ್ಕೆ ಹರಿಯುವುದರಿಂದ ಪಾದದ ಅಸ್ಥಿರಜ್ಜುಗಳೂ ಸಡಿಲವಾಗುತ್ತವೆ.

ಹೆಣ್ಣಿನ ಬೆನ್ನುಮೂಳೆ ಈ ಭಾರಕ್ಕೆಂದೇ ಸ್ವಲ್ಪ ಬೇರೆಯಾಗಿ ರೂಪುಗೊಂಡಿದೆ ಎಂಬುದು ಕುತೂಹಲದ ಸಂಗತಿ. ಅಮೆರಿಕದ ಹಾರ್ವರ್ಡ್ ಮತ್ತು ಟೆಕ್ಸಾಸ್ ವಿಶ್ವವಿದ್ಯಾಲಯಗಳ ಸಂಶೋಧಕರಾದ ಕ್ಯಾಥರೀನ್ ವಿಟ್‌ಕಮ್, ಲೀಸಾ ಶಪಿರೊ ಮತ್ತು ಡೇನಿಯಲ್ ಲೀಬರ್‌ಮನ್ 19 ಗರ್ಭಿಣಿಯರನ್ನು ಅಧ್ಯಯನ ಮಾಡಿ 2007ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವರದಿ ಪ್ರಕಟಿಸಿದ್ದರು. ತಿಂಗಳು ತುಂಬುವ ಹೊತ್ತಿಗೆ ಕೆಳಬೆನ್ನಿನ ಬಾಗು ಶೇ 60ರವರೆಗೂ ಹೆಚ್ಚಬಹುದು ಎಂದು ಅದು ಹೇಳುತ್ತದೆ. ಗಂಡಸರಲ್ಲಿ ಈ ಬಾಗು ಎರಡು ಕಶೇರುಖಂಡಗಳ ಮೇಲೆ ನಿಂತಿದ್ದರೆ ಹೆಂಗಸರಲ್ಲಿ ಮೂರರ ಮೇಲೆ ಹಂಚಿಕೆಯಾಗಿರುತ್ತದೆ. ಎರಡು ಕಾಲಿನ ಮೇಲೆ ನಡೆಯುತ್ತಾ ಮಗುವನ್ನು ಹೊರಲು ವಿಕಾಸದ ಹಾದಿಯಲ್ಲಿ ಆದ ಏರ್ಪಾಡು ಇದು. ಹಾಗಾಗಿ ಗರ್ಭಿಣಿಯ ಸೊಂಟನೋವನ್ನು ಮೈಗಳ್ಳತನ ಎಂದೋ, ನಾಜೂಕುತನ ಎಂದೋ ತಳ್ಳಿಹಾಕುವುದು ಸರಿಯಲ್ಲ. ಆ ನೋವಿನ ಹಿಂದೆ ಬೆನ್ನು ನಿಜಕ್ಕೂ ಹೊರುತ್ತಿರುವ ಭಾರವಿದೆ.

ಪಾದದಲ್ಲಿ ಆಗುವ ಬದಲಾವಣೆ

ಒಂದು ಪಾದದಲ್ಲಿ 26 ಮೂಳೆಗಳಿವೆ. ಅವು ಸೇರಿ ಪಾದದ ಒಳಬದಿಯಲ್ಲಿ ಕಮಾನಿನಂಥ ರಚನೆ ಮಾಡಿಕೊಂಡಿವೆ. ನೆಲಕ್ಕೆ ಕಾಲಿಟ್ಟಾಗ ಬರುವ ಪೆಟ್ಟನ್ನು ಸ್ಪ್ರಿಂಗ್‌ನಂತೆ ತಗ್ಗಿಸುವುದು ಈ ಕಮಾನಿನ ಕೆಲಸ. ಅದನ್ನು ಹಿಡಿದಿಡುವುದು ಅಸ್ಥಿರಜ್ಜು ಮತ್ತು ಸ್ನಾಯುಗಳು. ಒಂದೆಡೆ ಭಾರ ಹೆಚ್ಚಿ, ಇನ್ನೊಂದೆಡೆ ಹಿಡಿತ ಸಡಿಲವಾದಾಗ ಕಮಾನು ಸ್ವಲ್ಪ ಕುಸಿಯುತ್ತದೆ. ಪಾದ ಚಪ್ಪಟೆಯಾಗಿ ಉದ್ದವೂ ಅಗಲವೂ ಆಗುತ್ತದೆ.

ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ನೀಲ್ ಸೀಗಲ್ ಮತ್ತು ಸಂಗಡಿಗರು 49 ಮಹಿಳೆಯರ ಪಾದವನ್ನು ಗರ್ಭದ ಆರಂಭದ ತಿಂಗಳುಗಳಲ್ಲಿ ಒಮ್ಮೆ, ಹೆರಿಗೆಯಾಗಿ ಐದು ತಿಂಗಳ ನಂತರ ಮತ್ತೊಮ್ಮೆ ಅಳೆದಿದ್ದರು. 2013ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ ಶೇ 60ರಿಂದ 70ರಷ್ಟು ಮಹಿಳೆಯರ ಪಾದ ಉದ್ದ ಮತ್ತು ಅಗಲದಲ್ಲಿ ಹೆಚ್ಚಾಗಿತ್ತು. ಉದ್ದದಲ್ಲಿ 2ರಿಂದ 10 ಮಿಲಿ ಮೀಟರ್ ಏರಿಕೆ ಕಂಡುಬಂದಿತ್ತು. ಮೊದಲ ಗರ್ಭದಲ್ಲೇ ಈ ಬದಲಾವಣೆ ಹೆಚ್ಚು. "ಮಗುವಾದ ಮೇಲೆ ನನ್ನ ಹಳೆಯ ಚಪ್ಪಲಿ ಹಿಡಿಸುತ್ತಿಲ್ಲ" ಎಂದು ಅನೇಕ ತಾಯಂದಿರು ಹೇಳುವುದು ಬರೀ ಊತದ ಮಾತಲ್ಲ.

ತಮ್ಮ ಪಾದ ಹೇಗಿದೆ ಎಂದು ನೋಡಿಕೊಳ್ಳಲು ಮನೆಯಲ್ಲೇ ಸುಲಭ ದಾರಿಯಿದೆ. ಪಾದವನ್ನು ಒದ್ದೆ ಮಾಡಿ ಹಳೆಯ ದಿನಪತ್ರಿಕೆಯ ಮೇಲೆ ನಿಲ್ಲಬೇಕು. ಜಾರದಂತೆ ಪಕ್ಕದಲ್ಲಿ ಯಾರಾದರೂ ಕೈ ಹಿಡಿದುಕೊಂಡಿರಲಿ. ಹೆಜ್ಜೆಗುರುತಿನ ಒಳಬದಿಯಲ್ಲಿ ಖಾಲಿ ಜಾಗ ಕಂಡರೆ ಕಮಾನು ಇದೆ ಎಂದರ್ಥ. ಇಡೀ ಪಾದ ತುಂಬಿದಂತೆ ಅಚ್ಚು ಬಿದ್ದರೆ ಕಮಾನು ತಗ್ಗಿದೆ ಎಂದು ಊಹಿಸಬಹುದು.

ಪಾದದ ಒತ್ತಡ ಎಂದರೇನು?

ದೇಹದ ಭಾರ ಪಾದದ ಯಾವ ಭಾಗದ ಮೇಲೆ ಎಷ್ಟು ಬೀಳುತ್ತದೆ ಎಂಬುದೇ ಪಾದದ ಒತ್ತಡ. ಸೆನ್ಸರ್‌ಗಳಿರುವ ಹಲಗೆಯ ಮೇಲೆ ನಿಲ್ಲಿಸಿ ಅಥವಾ ನಡೆಸಿ ಇದನ್ನು ಅಳೆಯುತ್ತಾರೆ. ಕಂಪ್ಯೂಟರ್ ಪರದೆಯಲ್ಲಿ ಹೆಚ್ಚು ಒತ್ತಡದ ಜಾಗ ಕೆಂಪಾಗಿ, ಕಡಿಮೆ ಇರುವಲ್ಲಿ ನೀಲಿಯಾಗಿ ಕಾಣುತ್ತದೆ. ಮಧುಮೇಹಿಗಳ ಪಾದದ ಆರೈಕೆಗೂ ಇದೇ ವಿಧಾನ ಬಳಕೆಯಲ್ಲಿದೆ.

ನಡೆಯುವಾಗ ಪ್ರತಿ ಹೆಜ್ಜೆಯಲ್ಲೂ ದೇಹದ ತೂಕಕ್ಕಿಂತ ತುಸು ಹೆಚ್ಚೇ ಬಲ ಪಾದದ ಮೇಲೆ ಬೀಳುತ್ತದೆ. 55 ಕೆ.ಜಿ. ಇದ್ದವರು 66 ಕೆ.ಜಿ. ಆದರೆ, ದಿನಕ್ಕೆ 5,000 ಹೆಜ್ಜೆ ಹಾಕುವಾಗ ಅಷ್ಟೂ ಬಾರಿ 11 ಕೆ.ಜಿ.ಗೂ ಮಿಕ್ಕ ಹೆಚ್ಚುವರಿ ಭಾರವನ್ನು ಪಾದ ತಾಳಿಕೊಳ್ಳಬೇಕು. ಕಮಾನು ತಗ್ಗಿರುವುದರಿಂದ ಮಧ್ಯಪಾದವೂ ನೆಲಕ್ಕೆ ತಾಗುತ್ತದೆ. ಹೊಟ್ಟೆ ಮುಂದೆ ಬಂದಂತೆ ಬೆರಳುಗಳ ಬುಡದ ಮೇಲೆ ಒತ್ತಡ ಹೆಚ್ಚುವುದನ್ನು ಕೆಲವು ಅಧ್ಯಯನಗಳು ಗುರುತಿಸಿವೆ. ದೇಹವನ್ನು ಹಿಂದಕ್ಕೆ ವಾಲಿಸಿ ನಿಲ್ಲುವವರಲ್ಲಿ ಹಿಮ್ಮಡಿಯ ಮೇಲೆ ಭಾರ ಹೆಚ್ಚುವುದನ್ನು ಇನ್ನು ಕೆಲವು ತೋರಿಸಿವೆ. ಅಂದರೆ ಎಲ್ಲ ಗರ್ಭಿಣಿಯರಿಗೂ ಒಂದೇ ನಕ್ಷೆ ಅನ್ವಯಿಸುವುದಿಲ್ಲ. ಯಾರು ಹೇಗೆ ನಿಲ್ಲುತ್ತಾರೆ ಎಂಬುದರ ಮೇಲೆ ಒತ್ತಡದ ಜಾಗ ಬದಲಾಗುತ್ತದೆ.

ಪಾದಕ್ಕೂ ಸೊಂಟಕ್ಕೂ ಕೊಂಡಿ

ಪಾದ, ಮೊಣಕಾಲು, ತೊಡೆ, ಸೊಂಟ ಇವೆಲ್ಲ ಒಂದಕ್ಕೊಂದು ಜೋಡಿಸಿದ ಸರಪಳಿಯಂತೆ. ಕಮಾನು ಕುಸಿದರೆ ಪಾದ ಒಳಕ್ಕೆ ವಾಲುತ್ತದೆ. ಅದರೊಂದಿಗೆ ಮೊಣಕಾಲೂ ತೊಡೆಯೂ ಒಳಮುಖವಾಗಿ ತಿರುಗುತ್ತವೆ. ಪರಿಣಾಮವಾಗಿ ಸೊಂಟದ ಮೂಳೆಗೂಡು ಮುಂದಕ್ಕೆ ಬಾಗುತ್ತದೆ. ಈಗಾಗಲೇ ಬಾಗು ಹೆಚ್ಚಿರುವ ಕೆಳಬೆನ್ನಿನ ಮೇಲೆ ಮತ್ತಷ್ಟು ಎಳೆತ ಬೀಳುತ್ತದೆ.

ಹಾಗೆಂದು ಪಾದವೊಂದೇ ಕಾರಣ ಎಂದು ತೀರ್ಮಾನಿಸುವಂತಿಲ್ಲ. ಗರ್ಭಕ್ಕೆ ಮುಂಚೆಯೇ ಇದ್ದ ಬೆನ್ನುನೋವು, ಹಿಂದಿನ ಗರ್ಭದಲ್ಲಿ ಬಂದಿದ್ದ ನೋವು, ಭಾರ ಎತ್ತುವ ಕೆಲಸ, ದುರ್ಬಲವಾದ ಹೊಟ್ಟೆ ಮತ್ತು ಬೆನ್ನಿನ ಸ್ನಾಯು, ನಿದ್ರೆಯ ಕೊರತೆ, ಮಾನಸಿಕ ಒತ್ತಡ ಇವೂ ಸೇರಿಕೊಳ್ಳುತ್ತವೆ. ಆದರೆ ಗರ್ಭದ ಭಾರವನ್ನಾಗಲೀ ಹಾರ್ಮೋನನ್ನಾಗಲೀ ಬದಲಿಸಲು ಆಗದು. ಚಪ್ಪಲಿ, ನಿಲ್ಲುವ ರೀತಿ, ನಡೆಯುವ ಜಾಗ ಇವನ್ನು ಇವತ್ತೇ ಬದಲಿಸಬಹುದು. ಪಾದದ ಕಡೆ ಗಮನ ಕೊಡಬೇಕು ಎನ್ನುವುದು ಅದಕ್ಕೇ.

ನಡಿಗೆಯ ಧಾಟಿ ಬದಲಾಗುವುದು ಸಹಜ

ತುಂಬು ಗರ್ಭಿಣಿಯರು ಕಾಲುಗಳನ್ನು ಅಗಲಿಸಿ, ಸಣ್ಣ ಸಣ್ಣ ಹೆಜ್ಜೆ ಇಡುತ್ತಾ, ಅಕ್ಕಪಕ್ಕ ತೂಗಿಕೊಂಡು ನಡೆಯುತ್ತಾರೆ. ನೋಡುವವರಿಗೆ ಇದು ತಮಾಷೆಯಾಗಿ ಕಾಣಬಹುದು. ಆದರೆ ಬೀಳದಿರಲು ದೇಹವೇ ಕಂಡುಕೊಂಡ ಉಪಾಯವಿದು. ಕಾಲುಗಳ ನಡುವೆ ಅಂತರ ಹೆಚ್ಚಿದಷ್ಟೂ ನಿಲುವು ಗಟ್ಟಿ. ಎರಡೂ ಪಾದ ಒಟ್ಟಿಗೆ ನೆಲದ ಮೇಲಿರುವ ಸಮಯವೂ ಹೆಚ್ಚುತ್ತದೆ. ಗರ್ಭಕ್ಕೆ ಮುಂಚಿನ ವೇಗದಲ್ಲೇ ನಡೆಯಬೇಕೆಂದು ಹಟ ಹಿಡಿಯುವ ಅಗತ್ಯವಿಲ್ಲ.

ಬೀಳುವ ಅಪಾಯವನ್ನಂತೂ ಹಗುರವಾಗಿ ಕಾಣುವಂತಿಲ್ಲ. ಅಮೆರಿಕದಲ್ಲಿ ನಡೆದ ದೊಡ್ಡ ಸಮೀಕ್ಷೆಯೊಂದರಲ್ಲಿ ನಾಲ್ವರು ಗರ್ಭಿಣಿಯರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಕನಿಷ್ಠ ಒಮ್ಮೆ ಬಿದ್ದಿದ್ದಾಗಿ ಹೇಳಿದ್ದರು. ಹೊಟ್ಟೆ ಅಡ್ಡ ಬರುವುದರಿಂದ ಪಾದದ ಮುಂದಿನ ನೆಲವೇ ಕಾಣುವುದಿಲ್ಲ. ಮೆಟ್ಟಿಲು ಇಳಿಯುವಾಗ, ಒದ್ದೆ ಬಚ್ಚಲಲ್ಲಿ, ಹೊಸದಾಗಿ ಒರೆಸಿದ ಟೈಲ್ಸ್ ನೆಲದಲ್ಲಿ ಹೆಚ್ಚು ಎಚ್ಚರಿಕೆ ಬೇಕು.

ನೋವು ಎರಡು ಬಗೆ: ಗುರುತಿಸುವುದು ಹೇಗೆ?

ಎಲ್ಲವನ್ನೂ 'ಸೊಂಟನೋವು' ಎಂದು ಕರೆದರೂ ವೈದ್ಯರು ಇದನ್ನು ಎರಡಾಗಿ ನೋಡುತ್ತಾರೆ.

ಒಂದು, ಕೆಳಬೆನ್ನಿನ ನೋವು. ಇದು ಸೀರೆ ಅಥವಾ ಪೆಟಿಕೋಟ್ ಕಟ್ಟುವ ಜಾಗಕ್ಕಿಂತ ಮೇಲೆ, ಬೆನ್ನುಮೂಳೆಯ ಸುತ್ತ ಇರುತ್ತದೆ. ತುಂಬಾ ಹೊತ್ತು ನಿಂತರೆ, ಕುಳಿತರೆ, ಬಾಗಿದರೆ ಹೆಚ್ಚುತ್ತದೆ. ಸ್ವಲ್ಪ ಓಡಾಡಿದರೆ ಅನೇಕರಿಗೆ ಹಗುರವೆನಿಸುತ್ತದೆ.

ಎರಡು, ಸೊಂಟದ ಮೂಳೆಗೂಡಿನ ನೋವು. ಇದು ಕೆಳಗೆ, ಪೃಷ್ಠದ ಮೇಲ್ಭಾಗದಲ್ಲಿ ಒಂದು ಬದಿಗೆ ಅಥವಾ ಎರಡೂ ಬದಿಗೆ ಇರುತ್ತದೆ. ಕೆಲವರಿಗೆ ಮುಂಭಾಗದಲ್ಲಿ, ಜನನಾಂಗದ ಮೇಲಿನ ಮೂಳೆಯಲ್ಲೂ ಚುಚ್ಚುತ್ತದೆ. ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ, ಮೆಟ್ಟಿಲು ಹತ್ತುವಾಗ, ಒಂಟಿ ಕಾಲಲ್ಲಿ ನಿಂತು ಬಟ್ಟೆ ಹಾಕುವಾಗ ಜೋರಾಗುತ್ತದೆ. ಹೆಚ್ಚು ದೂರ ನಡೆದರೆ ಇದು ಕೆರಳಬಹುದು.

ಈ ವ್ಯತ್ಯಾಸ ಮುಖ್ಯ. ಮೊದಲ ಬಗೆಯವರಿಗೆ ದಿನವೂ ನಡಿಗೆ ಒಳ್ಳೆಯದು. ಎರಡನೇ ಬಗೆಯವರು ಒಂದೇ ಸಲ ದೂರ ನಡೆಯುವ ಬದಲು ಹತ್ತು ಹತ್ತು ನಿಮಿಷದ ಸಣ್ಣ ನಡಿಗೆ ಇಟ್ಟುಕೊಳ್ಳಬೇಕು. ಮೆಟ್ಟಿಲು ತಗ್ಗಿಸಬೇಕು, ಕುಳಿತು ಬಟ್ಟೆ ಧರಿಸಬೇಕು, ಫಿಸಿಯೋಥೆರಪಿಸ್ಟ್ ಸಲಹೆ ಪಡೆಯಬೇಕು.

ವಿಶಾಖಪಟ್ಟಣಂನ ಏರಿಳಿತ, ವಿಜಯವಾಡದ ಬಿಸಿಲು

ಎಲ್ಲಿ ನಡೆಯುತ್ತೇವೆ ಎಂಬುದೂ ಎಷ್ಟು ನಡೆಯುತ್ತೇವೆ ಎಂಬಷ್ಟೇ ಮುಖ್ಯ. ಈ ಎರಡು ನಗರಗಳೇ ಅದಕ್ಕೆ ಒಳ್ಳೆಯ ಉದಾಹರಣೆ.

ವಿಶಾಖಪಟ್ಟಣಂ ಬೆಟ್ಟ ಮತ್ತು ಕಡಲಿನ ನಡುವಿನ ಊರು. ಅನೇಕ ಬಡಾವಣೆಗಳಲ್ಲಿ ರಸ್ತೆಗಳು ಏರಿಳಿತದಿಂದ ಕೂಡಿವೆ. ಏರು ಹತ್ತುವಾಗ ಉಸಿರು ಕಟ್ಟಿದರೂ ದೇಹ ಮುಂದಕ್ಕೆ ಬಾಗುವುದರಿಂದ ಸೊಂಟಕ್ಕೆ ಅಷ್ಟು ಕಷ್ಟವಿಲ್ಲ. ಇಳಿಜಾರಿನಲ್ಲಿ ದೇಹವನ್ನು ಹಿಂದಕ್ಕೆ ವಾಲಿಸಬೇಕಾಗುತ್ತದೆ. ಆಗ ಕೆಳಬೆನ್ನಿನ ಬಾಗು ಹೆಚ್ಚಿ ನೋವು ಕಾಣಿಸಬಹುದು, ಬೆರಳುಗಳು ಚಪ್ಪಲಿಯ ಮುಂದಕ್ಕೆ ಜಾರುತ್ತವೆ.

ಕಡಲ ತೀರದ ಮರಳು ಪಾದಕ್ಕೆ ಹಿತವೆನಿಸಿದರೂ ಸಡಿಲ ಮರಳಿನಲ್ಲಿ ಪ್ರತಿ ಹೆಜ್ಜೆ ಹೂತುಹೋಗುವುದರಿಂದ ಮೀನಖಂಡ ಮತ್ತು ಸೊಂಟಕ್ಕೆ ಶ್ರಮ ಹೆಚ್ಚು. ನೀರಂಚಿನ ಗಟ್ಟಿ ಮರಳು ಕಡಲಿನ ಕಡೆಗೆ ಇಳಿಜಾರಾಗಿರುತ್ತದೆ. ಅಲ್ಲಿ ಒಂದೇ ದಿಕ್ಕಿಗೆ ನಡೆದರೆ ಒಂದು ಕಾಲು ಸದಾ ತಗ್ಗಿನಲ್ಲಿದ್ದು ಸೊಂಟ ಓರೆಯಾಗುತ್ತದೆ. ಹಾಗಾಗಿ ತುಂಬು ಗರ್ಭಿಣಿಯರಿಗೆ ಮರಳಿಗಿಂತ ಬೀಚ್ ರಸ್ತೆಯ ಸಮತಟ್ಟಾದ ಪಾದಚಾರಿ ಮಾರ್ಗವೇ ವಾಸಿ.

ಕೃಷ್ಣಾ ನದಿ ದಂಡೆಯ ವಿಜಯವಾಡ ಬಹುಪಾಲು ಸಮತಟ್ಟು. ಇಲ್ಲಿನ ಸಮಸ್ಯೆ ಬಿಸಿಲು. ಮೇ ತಿಂಗಳಲ್ಲಿ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಬಿಸಿಲಿಗೆ ಪಾದದ ಊತ ಹೆಚ್ಚುತ್ತದೆ. ದೇಹದಲ್ಲಿ ನೀರಿನಂಶ ಕಡಿಮೆಯಾದರೆ ಸ್ನಾಯು ಸೆಳೆತ, ತಲೆಸುತ್ತು ಬರಬಹುದು, ಹೊಟ್ಟೆ ಬಿಗಿ ಹಿಡಿಯಬಹುದು. ಬೇಸಿಗೆಯಲ್ಲಿ ಬೆಳಿಗ್ಗೆ ಏಳು ಗಂಟೆಯೊಳಗೆ ಅಥವಾ ಸೂರ್ಯ ಮುಳುಗಿದ ಮೇಲೆ ನಡೆಯುವುದು, ಜೊತೆಗೆ ನೀರಿನ ಬಾಟಲಿ ಒಯ್ಯುವುದು ಸೂಕ್ತ. ಕಲಬುರಗಿ, ರಾಯಚೂರು, ಬಳ್ಳಾರಿಯ ಗರ್ಭಿಣಿಯರಿಗೂ ಇದೇ ಮಾತು ಅನ್ವಯಿಸುತ್ತದೆ.

ದೇವಸ್ಥಾನದ ಮೆಟ್ಟಿಲಿನ ವಿಷಯದಲ್ಲೂ ವಿವೇಚನೆ ಬೇಕು. ಇಂದ್ರಕೀಲಾದ್ರಿಗೂ ವಿಶಾಖಪಟ್ಟಣಂ ಸಮೀಪದ ಸಿಂಹಾಚಲಕ್ಕೂ ವಾಹನ ಹೋಗುವ ರಸ್ತೆ ಇದೆ. ಆಷಾಢ ಹುಣ್ಣಿಮೆಗೆ ನಡೆಯುವ ಸಿಂಹಾಚಲದ ಗಿರಿ ಪ್ರದಕ್ಷಿಣೆ ಸುಮಾರು 32 ಕಿ.ಮೀ. ಕಾಲ್ನಡಿಗೆ. ಹರಕೆ ಇದ್ದರೂ ಗರ್ಭಿಣಿಯರು ಅದನ್ನು ಮಗು ಹುಟ್ಟಿದ ಮೇಲಿನ ವರ್ಷಕ್ಕೆ ಇಟ್ಟುಕೊಳ್ಳುವುದು ಒಳಿತು. ಕಾದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲುವುದು ನಡಿಗೆಗಿಂತಲೂ ಹೆಚ್ಚು ಆಯಾಸ ತರುತ್ತದೆ.

ನಡಿಗೆಗಿಂತ ನಿಲ್ಲುವುದೇ ಕಷ್ಟ

ನಡೆಯುವಾಗ ಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಾಗುತ್ತಿರುತ್ತದೆ. ಮೀನಖಂಡದ ಸ್ನಾಯುಗಳು ಹಿಗ್ಗಿ ಕುಗ್ಗಿ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ. ಒಂದೇ ಕಡೆ ನಿಂತಾಗ ಇದ್ಯಾವುದೂ ನಡೆಯದು. ಪಾದದ ಅದೇ ಜಾಗದ ಮೇಲೆ ಗಂಟೆಗಟ್ಟಲೆ ಭಾರ ಬೀಳುತ್ತದೆ, ಊತ ಹೆಚ್ಚುತ್ತದೆ, ಸೊಂಟ ಬಿಗಿಯುತ್ತದೆ.

ಬಟ್ಟೆ ಅಂಗಡಿಯ ಕೌಂಟರ್, ಸಿದ್ಧ ಉಡುಪು ಘಟಕ, ಶಾಲೆಯ ತರಗತಿ, ಆಸ್ಪತ್ರೆಯ ವಾರ್ಡ್, ಹೋಟೆಲ್ ಅಡುಗೆಮನೆಗಳಲ್ಲಿ ದುಡಿಯುವ ಮಹಿಳೆಯರಿಗೆ ಇದು ದಿನನಿತ್ಯದ ಸಂಕಟ. ಈ ವಿಷಯದಲ್ಲಿ ಕಾನೂನಿನ ರಕ್ಷಣೆ ಇದೆ ಎಂಬುದು ಅನೇಕರಿಗೆ ತಿಳಿದಿಲ್ಲ. ಹೆರಿಗೆಯ ನಿರೀಕ್ಷಿತ ದಿನಕ್ಕೆ ಮುಂಚಿನ ಆರು ವಾರ, ಅದಕ್ಕೂ ಹಿಂದಿನ ಒಂದು ತಿಂಗಳು. ಈ ಹಿಂದಿನ ಒಂದು ತಿಂಗಳಿನಲ್ಲಿ, ಮತ್ತು ಆರು ವಾರಗಳಲ್ಲಿ ರಜೆ ಪಡೆಯದೆ ಕೆಲಸ ಮಾಡಿದ ದಿನಗಳಲ್ಲಿ, ಗರ್ಭಿಣಿ ಕೇಳಿಕೊಂಡರೆ ಮಾಲೀಕರು ಅವರಿಂದ ಶ್ರಮದ ಕೆಲಸವನ್ನಾಗಲೀ ದೀರ್ಘ ಹೊತ್ತು ನಿಂತು ಮಾಡುವ ಕೆಲಸವನ್ನಾಗಲೀ ಮಾಡಿಸುವಂತಿಲ್ಲ. 1961ರ ಮಾತೃತ್ವ ಪ್ರಯೋಜನ ಕಾಯ್ದೆಯಲ್ಲಿದ್ದ ಈ ಅಂಶ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ. ಅಂಗಡಿ ಕೆಲಸಗಾರರಿಗೆ ಕುಳಿತುಕೊಳ್ಳಲು ಆಸನ ಕೊಡಲೇಬೇಕು ಎಂದು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ತಿದ್ದುಪಡಿ ಮಾಡಿವೆ.

ನಿಲ್ಲುವುದು ತಪ್ಪದಿದ್ದರೆ ಒಂದು ಗಿಡ್ಡ ಸ್ಟೂಲ್ ಅಥವಾ ಇಟ್ಟಿಗೆಯ ಮೇಲೆ ಒಂದು ಕಾಲಿಟ್ಟುಕೊಂಡು, ಹತ್ತು ನಿಮಿಷಕ್ಕೊಮ್ಮೆ ಕಾಲು ಬದಲಿಸಬೇಕು. ಅಡುಗೆಮನೆಯಲ್ಲೂ ಇದೇ ಉಪಾಯ ಅನುಕೂಲ. ತರಕಾರಿ ಹೆಚ್ಚುವುದು, ಕಾಳು ಆರಿಸುವುದು, ಚಪಾತಿ ಲಟ್ಟಿಸುವಂಥ ಕೆಲಸಗಳನ್ನು ಕುರ್ಚಿಯಲ್ಲಿ ಕುಳಿತು ಮಾಡಬಹುದು.

ಚಪ್ಪಲಿ ಆಯ್ಕೆ ಹೇಗಿರಬೇಕು?

* ತೆಳುವಾದ ಹವಾಯಿ ಚಪ್ಪಲಿ ಬೇಡ. ಅದು ಕಮಾನಿಗೆ ಆಸರೆ ಕೊಡುವುದಿಲ್ಲ, ಸವೆದರೆ ಜಾರುತ್ತದೆ. ಬೀಳದಂತೆ ಬೆರಳುಗಳಿಂದ ಹಿಡಿದುಕೊಂಡೇ ನಡೆಯಬೇಕಾಗುತ್ತದೆ.

* ಎತ್ತರದ ಹೀಲ್ಸ್ ಬೇಡ. ಅದು ದೇಹವನ್ನು ಮತ್ತಷ್ಟು ಮುಂದಕ್ಕೆ ತಳ್ಳುತ್ತದೆ. ಎರಡು, ಎರಡೂವರೆ ಸೆಂ.ಮೀ. ಎತ್ತರದ ಅಗಲವಾದ ಹಿಮ್ಮಡಿ ಇದ್ದರೆ ಸಾಕು.

* ಹಿಮ್ಮಡಿಯ ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಅಥವಾ ಮೆತ್ತನೆಯ ವಾಕಿಂಗ್ ಶೂ ಒಳ್ಳೆಯದು. ಬಾಗಲು ಕಷ್ಟವಾಗುವುದರಿಂದ ಲೇಸ್ ಬದಲು ವೆಲ್ಕ್ರೋ ಪಟ್ಟಿ ಅನುಕೂಲ.

* ಸಂಜೆ ಹೊತ್ತು ಪಾದ ಸ್ವಲ್ಪ ಊದಿಕೊಂಡಿರುತ್ತದೆ. ಆಗಲೇ ಅಳತೆ ನೋಡಿ ಕೊಳ್ಳಬೇಕು. ಹಳೆಯ ನಂಬರ್ ಹೇಳದೆ ಎರಡೂ ಪಾದಕ್ಕೆ ಹಾಕಿ ನೋಡಬೇಕು.

* ಕಮಾನು ತಗ್ಗಿ ಪಾದನೋವು ಇದ್ದರೆ ಚಪ್ಪಲಿಯೊಳಗೆ ಇಡುವ ಕಮಾನಿನ ಆಸರೆಯನ್ನು ವೈದ್ಯರು ಅಥವಾ ಫಿಸಿಯೋಥೆರಪಿಸ್ಟ್ ಸೂಚಿಸಬಹುದು. ಕೆಲವರಿಗೆ ಇದರಿಂದ ಆರಾಮ ಸಿಗುತ್ತದೆ.

* ಮನೆಯಲ್ಲಿ ಗ್ರಾನೈಟ್, ಟೈಲ್ಸ್ ನೆಲವಿದ್ದರೆ ಮೆತ್ತನೆಯ, ಜಾರದ ಚಪ್ಪಲಿಯನ್ನು ಒಳಗೂ ಬಳಸುವುದು ಒಳ್ಳೆಯದು.

ಎಷ್ಟು ನಡೆಯಬೇಕು?

ಬೇರೆ ತೊಂದರೆ ಇಲ್ಲದ ಗರ್ಭಿಣಿಯರು ವಾರಕ್ಕೆ ಒಟ್ಟು 150 ನಿಮಿಷ ಮಧ್ಯಮ ಪ್ರಮಾಣದ ಚಟುವಟಿಕೆ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ದಿನಕ್ಕೆ 30 ನಿಮಿಷದಂತೆ ವಾರಕ್ಕೆ ಐದು ದಿನ. ಅಭ್ಯಾಸವಿಲ್ಲದವರು ದಿನಕ್ಕೆ ಹತ್ತು ನಿಮಿಷದಿಂದ ಆರಂಭಿಸಿ ನಿಧಾನವಾಗಿ ಹೆಚ್ಚಿಸಬಹುದು.

ವೇಗ ಸರಿಯಿದೆಯೇ ಎಂದು ತಿಳಿಯಲು ಮಾತಿನ ಪರೀಕ್ಷೆ ಸಾಕು. ನಡೆಯುತ್ತಾ ಪಕ್ಕದವರೊಂದಿಗೆ ಆರಾಮವಾಗಿ ಮಾತಾಡಲು ಆಗುತ್ತಿದ್ದರೆ ವೇಗ ಸರಿ. ಮಾತಿನ ನಡುವೆ ಏದುಸಿರು ಬಂದರೆ ನಿಧಾನಿಸಬೇಕು. ನಡೆದ ಮೇಲೆ ನೋವು ಸ್ವಲ್ಪ ಹೊತ್ತಿನಲ್ಲಿ ಇಳಿದರೆ ಚಿಂತೆಯಿಲ್ಲ. ರಾತ್ರಿಯವರೆಗೂ ಉಳಿದರೆ ಅಥವಾ ಮರುದಿನ ಹೆಚ್ಚಾದರೆ ಮರುದಿನದ ನಡಿಗೆಯನ್ನು ಅರ್ಧಕ್ಕೆ ಇಳಿಸಬೇಕು.

ಕೆಲವರಿಗೆ ನಾಲ್ಕು ಹೆಜ್ಜೆ ಹಾಕಿದರೂ ಸುಸ್ತಾಗಲು ರಕ್ತಹೀನತೆ ಕಾರಣವಾಗಿರಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಶೇ 52.2ರಷ್ಟು ಮಂದಿಗೆ ರಕ್ತಹೀನತೆ ಇದೆ. ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸದೆ ಸುಸ್ತಿನ ಹೊಣೆಯನ್ನೆಲ್ಲ ನಡಿಗೆಯ ಮೇಲೆ ಹಾಕುವುದು ತಪ್ಪು.

ರಕ್ತಸ್ರಾವ, ಮಾಸು ಕೆಳಗಿರುವುದು, ಗರ್ಭಕೊರಳು ದುರ್ಬಲವಾಗಿರುವುದು, ಅಧಿಕ ರಕ್ತದೊತ್ತಡ, ಅವಧಿಗೆ ಮುಂಚೆ ಹೆರಿಗೆಯಾಗುವ ಸೂಚನೆ ಇರುವವರು ವೈದ್ಯರನ್ನು ಕೇಳದೆ ವಾಕಿಂಗ್ ಶುರು ಮಾಡಬಾರದು.

ಮನೆಯಲ್ಲೇ ಮಾಡಬಹುದಾದ ಸರಳ ಕ್ರಮಗಳು

1. ಗೋಡೆ ವ್ಯಾಯಾಮ: ಗೋಡೆಗೆ ಬೆನ್ನು ಒರಗಿಸಿ, ಪಾದವನ್ನು ಅರ್ಧ ಅಡಿ ಮುಂದಿಟ್ಟು ನಿಲ್ಲಬೇಕು. ಕೆಳಬೆನ್ನನ್ನು ನಿಧಾನವಾಗಿ ಗೋಡೆಗೆ ಒತ್ತಿ ಐದು ಸೆಕೆಂಡ್ ಹಿಡಿದು ಬಿಡಬೇಕು. ಹತ್ತು ಬಾರಿ ಮಾಡಬಹುದು.

2. ಹಿಮ್ಮಡಿ ಎತ್ತುವುದು: ಕುರ್ಚಿಯ ಬೆನ್ನು ಅಥವಾ ಕಿಟಕಿ ಕಂಬಿ ಹಿಡಿದು ಎರಡೂ ಹಿಮ್ಮಡಿಯನ್ನು ಮೇಲೆತ್ತಿ ಇಳಿಸಬೇಕು. ಮೀನಖಂಡಕ್ಕೂ ಕಮಾನಿಗೂ ಬಲ ಬರುತ್ತದೆ.

3. ಟವೆಲ್ ಹಿಡಿಯುವುದು: ಕುಳಿತುಕೊಂಡು ನೆಲದ ಮೇಲಿನ ಟವೆಲನ್ನು ಕಾಲ್ಬೆರಳಿನಿಂದ ಎಳೆದುಕೊಳ್ಳಬೇಕು.

4. ಏಳುವ ರೀತಿ: ಹಾಸಿಗೆಯಿಂದ ನೇರವಾಗಿ ಏಳದೆ, ಮೊದಲು ಪಕ್ಕಕ್ಕೆ ಹೊರಳಿ, ಎರಡೂ ಮೊಣಕಾಲು ಸೇರಿಸಿಕೊಂಡು ಕೈಯೂರಿ ಏಳಬೇಕು.

5. ಮಲಗುವ ರೀತಿ: ಮಗ್ಗುಲಾಗಿ ಮಲಗಿ ಮೊಣಕಾಲುಗಳ ನಡುವೆ ದಿಂಬು ಇಟ್ಟುಕೊಳ್ಳಬೇಕು. ಹೊಟ್ಟೆಯ ಕೆಳಗೆ ಮಡಚಿದ ಬೆಡ್‌ಶೀಟ್ ಇಟ್ಟರೆ ಸೊಂಟಕ್ಕೆ ಎಳೆತ ತಪ್ಪುತ್ತದೆ.

6. ಎತ್ತುವ ರೀತಿ: ಸೊಂಟ ಬಗ್ಗಿಸದೆ ಮೊಣಕಾಲು ಮಡಚಿ ಎತ್ತಬೇಕು. ತುಂಬಿದ ಕೊಡದ ಬದಲು ಎರಡು ಸಣ್ಣ ಬಕೆಟ್‌ಗಳಲ್ಲಿ ಸಮನಾಗಿ ನೀರು ಒಯ್ಯುವುದು ಲೇಸು. ದೊಡ್ಡ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಳ್ಳದೆ, ಕುಳಿತು ಮಡಿಲಿಗೆ ತೆಗೆದುಕೊಳ್ಳಬೇಕು.

ಗರ್ಭಾವಸ್ಥೆಯಲ್ಲಿ ನಿಯಮಿತ ವ್ಯಾಯಾಮ ಸೊಂಟನೋವು ತಡೆಯಲು ನೆರವಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರ ಮಾರ್ಗಸೂಚಿಯಲ್ಲಿ ಶಿಫಾರಸು ಮಾಡಿದೆ. ನೋವು ಇರುವವರಿಗೆ ಫಿಸಿಯೋಥೆರಪಿ, ಹೊಟ್ಟೆಗೆ ಆಸರೆ ನೀಡುವ ಬೆಲ್ಟ್, ಅಕ್ಯುಪಂಕ್ಚರ್ ಆಯ್ಕೆಗಳನ್ನೂ ಅದು ಹೆಸರಿಸಿದೆ. ಬೆಲ್ಟನ್ನು ಹೊಟ್ಟೆಯ ಕೆಳಗೆ ಬರುವಂತೆ ಕಟ್ಟಬೇಕು. ಅಳತೆಯನ್ನು ತಜ್ಞರಿಂದ ಕೇಳಿಕೊಳ್ಳುವುದು ಸೂಕ್ತ.

ನೋವಿನ ಮಾತ್ರೆ ಬಗ್ಗೆ ಎಚ್ಚರ

ಮೆಡಿಕಲ್ ಸ್ಟೋರ್‌ನಲ್ಲಿ ಕೇಳಿ ನೋವಿನ ಮಾತ್ರೆ ನುಂಗುವುದು ಗರ್ಭಿಣಿಯರಿಗೆ ಅಪಾಯಕಾರಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಗುಂಪಿನ ಮಾತ್ರೆಗಳನ್ನು 20 ವಾರ ಅಥವಾ ಅದರ ನಂತರ ಬಳಸಿದರೆ ಮಗುವಿನ ಮೂತ್ರಪಿಂಡಕ್ಕೆ ತೊಂದರೆಯಾಗಿ ಗರ್ಭನೀರು ಕಡಿಮೆಯಾಗಬಹುದು ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2020ರಲ್ಲಿ ಎಚ್ಚರಿಸಿದೆ. ಯಾವುದೇ ಮಾತ್ರೆ, ಇಂಜೆಕ್ಷನ್, ಹಚ್ಚುವ ಮುಲಾಮನ್ನು ವೈದ್ಯರ ಸಲಹೆಯಂತೆಯೇ ಬಳಸಬೇಕು. ಬೆಚ್ಚನೆಯ ಬಟ್ಟೆಯ ಶಾಖವನ್ನು ಬೆನ್ನಿಗೆ ಸ್ವಲ್ಪ ಹೊತ್ತು ಕೊಡಬಹುದು. ಹೊಟ್ಟೆಗೆ ಬೇಡ.

ತವರಿಗೆ ಹೊರಟಾಗ

ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ಪದ್ಧತಿ ಕರ್ನಾಟಕ, ಆಂಧ್ರ ಎರಡೂ ಕಡೆ ಇದೆ. ಸೀಮಂತ ಮುಗಿಸಿ ಬೆಂಗಳೂರಿನಿಂದ ವಿಜಯವಾಡಕ್ಕೋ ವಿಶಾಖಪಟ್ಟಣಂಗೋ ರೈಲಿನಲ್ಲಿ ಹೊರಡುವವರು ಗಂಟೆಗಟ್ಟಲೆ ಕುಳಿತೇ ಇರಬಾರದು. ಕೆಳಗಿನ ಬರ್ತ್ ಪಡೆದು, ಒಂದೆರಡು ಗಂಟೆಗೊಮ್ಮೆ ಆಸರೆ ಹಿಡಿದು ಬೋಗಿಯಲ್ಲಿ ನಾಲ್ಕು ಹೆಜ್ಜೆ ನಡೆಯಬೇಕು. ಕುಳಿತಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಬೇಕು. ಗರ್ಭಾವಸ್ಥೆಯಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚಿರುವುದರಿಂದ ಇದು ಮುಖ್ಯ. ತಾಯಿ ಕಾರ್ಡ್ ಮತ್ತು ಸ್ಕ್ಯಾನಿಂಗ್ ವರದಿಗಳು ಕೈಚೀಲದಲ್ಲೇ ಇರಲಿ.

ಈ ಲಕ್ಷಣ ಕಂಡರೆ ತಡಮಾಡಬೇಡಿ

ಎಲ್ಲ ಸೊಂಟನೋವೂ ಸಹಜವಲ್ಲ. ಕೆಳಗಿನ ಯಾವುದೇ ಲಕ್ಷಣ ಕಂಡರೆ ವಿಶ್ರಾಂತಿ ಪಡೆದು ನೋಡೋಣ ಎನ್ನದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

* ನೋವು ಅಲೆಯಂತೆ ಬಂದು ಹೋಗುತ್ತಿದ್ದರೆ, ಜೊತೆಗೆ ಹೊಟ್ಟೆ ಗಟ್ಟಿಯಾಗುತ್ತಿದ್ದರೆ. ಇದು ಅವಧಿಪೂರ್ವ ಹೆರಿಗೆಯ ಸೂಚನೆಯಾಗಿರಬಹುದು.
* ರಕ್ತಸ್ರಾವ ಅಥವಾ ನೀರು ಸೋರಿಕೆ ಇದ್ದರೆ.
* ಜ್ವರ, ಚಳಿ, ಉರಿಮೂತ್ರದೊಂದಿಗೆ ಪಕ್ಕೆಯ ನೋವಿದ್ದರೆ. ಇದು ಮೂತ್ರಪಿಂಡದ ಸೋಂಕಾಗಿರಬಹುದು.
* ಒಂದೇ ಕಾಲಿನ ಮೀನಖಂಡ ಊದಿ, ಕೆಂಪಾಗಿ, ನೋಯುತ್ತಿದ್ದರೆ.
* ಮುಖ, ಕೈ ದಿಢೀರ್ ಊದಿಕೊಂಡು ತಲೆನೋವು, ಕಣ್ಣು ಮಂಜಾದರೆ. ಇದು ರಕ್ತದೊತ್ತಡ ಏರಿದ ಲಕ್ಷಣ.
* ಕಾಲು ಶಕ್ತಿ ಕಳೆದುಕೊಂಡರೆ, ತೊಡೆಸಂದಿ ಮರಗಟ್ಟಿದರೆ, ಮಲ ಮೂತ್ರದ ಮೇಲೆ ಹಿಡಿತ ತಪ್ಪಿದರೆ.
* ಬಿದ್ದ ನಂತರ ಹೊಟ್ಟೆನೋವು ಬಂದರೆ ಅಥವಾ ಮಗುವಿನ ಚಲನೆ ಕಡಿಮೆಯಾದರೆ.

ಎಲ್ಲಿ ತೋರಿಸಬೇಕು?

ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ 2016ರಿಂದ ಪ್ರತಿ ತಿಂಗಳ 9ರಂದು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ನಾಲ್ಕನೇ ತಿಂಗಳ ನಂತರದ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ. ಅಂದು ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್ ಪರೀಕ್ಷೆಯ ಜೊತೆಗೆ ಸೊಂಟ ಮತ್ತು ಪಾದದ ನೋವನ್ನೂ ಬಾಯಿಬಿಟ್ಟು ಹೇಳಬೇಕು. ಗರ್ಭಿಣಿಗೆ ನೋವು ಇದ್ದದ್ದೇ ಎಂದು ಮುಜುಗರಪಟ್ಟು ಸುಮ್ಮನಾಗುವವರೇ ಹೆಚ್ಚು. ವಿಶಾಖಪಟ್ಟಣಂನಲ್ಲಿ ಕಿಂಗ್ ಜಾರ್ಜ್ ಆಸ್ಪತ್ರೆ ಹಾಗೂ ಘೋಷಾ ಆಸ್ಪತ್ರೆ ಎಂದೇ ಜನ ಕರೆಯುವ ಸರ್ಕಾರಿ ವಿಕ್ಟೋರಿಯಾ ಆಸ್ಪತ್ರೆ, ವಿಜಯವಾಡದಲ್ಲಿ ಸರ್ಕಾರಿ ಜನರಲ್ ಆಸ್ಪತ್ರೆ, ಬೆಂಗಳೂರಿನಲ್ಲಿ ವಾಣಿವಿಲಾಸ ಆಸ್ಪತ್ರೆಗಳಲ್ಲಿ ಹೆರಿಗೆ ಸೇವೆ ಲಭ್ಯ. ತುರ್ತು ಸಂದರ್ಭದಲ್ಲಿ ಎರಡೂ ರಾಜ್ಯಗಳಲ್ಲಿ 108ಕ್ಕೆ ಕರೆ ಮಾಡಬಹುದು. ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರೇ ಮೊದಲ ಆಸರೆ.

ಹೆರಿಗೆಯ ನಂತರ ಏನಾಗುತ್ತದೆ?

ಹೆಚ್ಚಿನವರಲ್ಲಿ ಹೆರಿಗೆಯಾದ ಕೆಲವೇ ತಿಂಗಳಲ್ಲಿ ಸೊಂಟನೋವು ಇಳಿಯುತ್ತದೆ. ನಡಿಗೆಯೂ ಹಿಂದಿನ ಧಾಟಿಗೆ ಮರಳುತ್ತದೆ. ಆದರೆ ಕೆಲವರಲ್ಲಿ ನೋವು ಉಳಿದುಬಿಡುತ್ತದೆ. ಮೂರು ತಿಂಗಳಾದರೂ ಕಡಿಮೆಯಾಗದಿದ್ದರೆ "ಬಾಣಂತನ ಸರಿಯಾಗಲಿಲ್ಲ" ಎಂದು ಕೊರಗುವ ಬದಲು ವೈದ್ಯರಿಗೆ ತೋರಿಸಬೇಕು. ಬಾಣಂತನದ ಹೆಸರಿನಲ್ಲಿ ತಿಂಗಳುಗಟ್ಟಲೆ ಹಾಸಿಗೆಯಲ್ಲೇ ಇರಿಸುವುದೂ ಸ್ನಾಯುಗಳಿಗೆ ಒಳ್ಳೆಯದಲ್ಲ. ಸಹಜ ಹೆರಿಗೆಯಾದವರು ಶಕ್ತಿ ಬಂದಂತೆ ಮನೆಯೊಳಗೇ ನಿಧಾನವಾಗಿ ನಡೆಯಬಹುದು. ಸಿಸೇರಿಯನ್ ಆದವರು ವೈದ್ಯರು ಹೇಳಿದಂತೆ ಆರಂಭಿಸಬೇಕು.

ಪಾದದ ಅಳತೆ ಮಾತ್ರ ಹಿಂದಿನಂತೆ ಆಗದೇ ಇರಬಹುದು. ಬಾಣಂತಿಗೆ ಸೀರೆ, ಬಳೆ, ಮಗುವಿಗೆ ತೊಟ್ಟಿಲು ತರುವ ಮನೆಯವರು ತಾಯಿಯ ಪಾದಕ್ಕೆ ಸರಿಹೊಂದುವ ಒಂದು ಜೊತೆ ಚಪ್ಪಲಿಯನ್ನೂ ತರುವುದು ಒಳ್ಳೆಯದು. ಒಂಬತ್ತು ತಿಂಗಳು ಇಬ್ಬರ ಭಾರ ಹೊತ್ತ ಪಾದಗಳವು.

ಸೂಚನೆ: ಈ ಲೇಖನ ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ವ್ಯಾಯಾಮ, ಬೆಲ್ಟ್ ಅಥವಾ ಔಷಧ ಬಳಸುವ ಮುನ್ನ ನಿಮ್ಮ ವೈದ್ಯರ ಸಲಹೆ ಪಡೆಯಿರಿ.